ಸೊಪ್ಪಿನ ಸಾಲಿಗೆಲ್ಲ ಒಂದೇ ಬೋರ್ಡು

ಹೊಳೆನರಸೀಪುರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹೆಂಗಸರಿಗೆ ನೀರಿನ ಕೊಡ ಒಂದೇ, ಬಿಸಿಲಿಗೆ ಕಟ್ಟಿದ ಟಾರ್ಪಾಲು ಒಂದೇ. ಫೋನಿನಲ್ಲಿ ದುಡ್ಡು ಹಾಕಿಸಿಕೊಳ್ಳುವ ಬೋರ್ಡೂ ಒಂದೇ, ಅದು ಸುಬ್ಬಮ್ಮನದು. ಅದಕ್ಕೆ ಬಂದ ದುಡ್ಡನ್ನು ಸಂಜೆ ಕೂತು ಹಂಚಿಕೊಳ್ಳುತ್ತಿದ್ದರು. ಒಂದು ದಿನವೂ ಜಗಳವಾಗಿರಲಿಲ್ಲ.

ಅವರಲ್ಲೊಬ್ಬಳು ಚಿಕ್ಕತಾಯಮ್ಮ ದಿನಾ ಬೆಳಗ್ಗೆ ಬಡ್ಡಿ ವ್ಯವಹಾರದ ಕೆಂಪಣ್ಣನ ಹತ್ತಿರ ಸಾಲ ತಂದು ಸೊಪ್ಪು ಕೊಳ್ಳುವಳು, ಸಂಜೆ ಬಡ್ಡಿ ಸೇರಿಸಿ ತೀರಿಸುವಳು. ಲಾಭದ ಕೆನೆಯೆಲ್ಲ ಅವನಿಗೇ ಹೋಗುತ್ತಿತ್ತು. ಇನ್ನು ಸಾಕೆಂದು ಬೀದಿ ವ್ಯಾಪಾರಿಗಳಿಗೆ ಕೊಡುವ ಸಾಲ ಕೇಳಲು ಬ್ಯಾಂಕಿಗೆ ನುಗ್ಗಿದಳು.

"ನಿಮ್ಮ ಖಾತೇಲಿ ವ್ಯಾಪಾರವೇ ಕಾಣಲ್ವಲ್ಲಮ್ಮ" ಅಂದ ಮ್ಯಾನೇಜರ್.

"ಯಾಪಾರ ಸುಬ್ಬಕ್ಕನ ಖಾತೇಲದೆ ಸಾ. ಸೊಪ್ಪು ಮಾತ್ರ ನಂದು."

ಅವನಿಗೆ ನಗು ತಡೆಯಲಾಗಲಿಲ್ಲ. "ನಿಮ್ಮದೇ ಬೋರ್ಡು ಇಟ್ಕೊಳ್ಳಿ. ಎರಡು ತಿಂಗಳು ಬಿಟ್ಟು ಬನ್ನಿ."

ಸುದ್ದಿ ಕೇಳಿ ಸುಬ್ಬಮ್ಮ ಮುಖ ಊದಿಸಿದಳು. "ನಮ್ಮಿಂದ ಬ್ಯಾರೆ ಆಯ್ತೀಯೇನೇ?"

"ನಿಮ್ಮಿಂದಲ್ಲ ಕಣಕ್ಕ, ಕೆಂಪಣ್ಣನಿಂದ. ನೀವೂ ಒಂದೊಂದು ಮಾಡಿಸ್ಕಳಿ."

ವಾರದೊಳಗೆ ಸಾಲಿನ ತುಂಬ ಬೋರ್ಡುಗಳು ಎದ್ದವು, ಪಕ್ಕದಲ್ಲಿ ದುಡ್ಡು ಬಂದರೆ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಗಳೂ ಕೂತವು. ಎರಡು ತಿಂಗಳಿಗೆ ಚಿಕ್ಕತಾಯಮ್ಮನ ಖಾತೆಗೆ ಸಾಲ ಬಂತು. ಅವಳಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲೇ ಸೊಪ್ಪು ತಂದು ಕೂತಳು.

ಎಂದಿನಂತೆ ಕೆಂಪಣ್ಣ ನೋಟಿನ ಕಟ್ಟು ಹಿಡಿದು ಬಂದ.

"ಇವತ್ತು ಬ್ಯಾಡ ಕಣಪ್ಪ. ನಾಳೀಕೂ ಬ್ಯಾಡ."

ಸಾಲಿನವರೆಲ್ಲ ನೋಡುತ್ತಿದ್ದರು. ಬರಿಗೈಲಿ ಹಿಂದಿರುಗಲು ನಾಚಿ ಅವನು ಒಂದು ಕಟ್ಟು ದಂಟಿನ ಸೊಪ್ಪು ಎತ್ತಿಕೊಂಡ. ಅವಳು ಬೋರ್ಡು ಮುಂದೆ ತಳ್ಳಿದಳು. ದುಡ್ಡು ಬಂತೆಂದು ಪಕ್ಕದ ಪೆಟ್ಟಿಗೆ ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಕೂಗಿತು.

ಚಿಕ್ಕತಾಯಮ್ಮ ಪೆಟ್ಟಿಗೆಯನ್ನೇ ಕಣ್ಣಿಗೊತ್ತಿಕೊಂಡಳು. "ಬೋಣಿ ನಿಂದೇ ಕಣಪ್ಪ ಇವತ್ತು."