ಶಮೀಮಕ್ಕನ ಒಂದು ಮನ್ನಾ

ಪಾಂಡವಪುರದ ಶಮೀಮಳದು ಚಿಕ್ಕಂದಿನಿಂದಲೂ ಪುಕ್ಕಲು ಸ್ವಭಾವ. ನಾಯಿ ಬೊಗಳಿದರೆ ಭಯ, ಗಂಡಸರು ದನಿ ಎತ್ತರಿಸಿದರೆ ಇನ್ನೂ ಭಯ. ಇಪ್ಪತ್ತು ವರ್ಷ ಮನೆಯೊಳಗೇ ಕುಳಿತು ರವಿಕೆ ಹೊಲಿದವಳು, ಕಣ್ಣು ಮಂಜಾದ ಮೇಲೆ ಕಲ್ಯಾಣ ಮಂಟಪದ ಪಕ್ಕದ ಚಾರ್ಜಿಂಗ್ ಕೇಂದ್ರದಲ್ಲಿ ಕಾರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು.

ಅಲ್ಲಿದ್ದದ್ದು ಒಂದೇ ಯಂತ್ರ. ಬ್ಯಾಟರಿ ತುಂಬಿ ಹತ್ತು ನಿಮಿಷ ಕಳೆದರೂ ಗಾಡಿ ಅಲ್ಲೇ ನಿಂತಿದ್ದರೆ ನಿಮಿಷಕ್ಕೆ ಐದು ರೂಪಾಯಿ ಬೀಳುತ್ತಿತ್ತು. ಹಿಂದೆ ಬಂದವರಿಗೆ ಜಾಗ ಸಿಗಲೆಂದು ಈ ಏರ್ಪಾಡು. ಊರಿನವರು ಅದನ್ನು ‘ನಿಂತ ದುಡ್ಡು’ ಎನ್ನುತ್ತಿದ್ದರು. ಕಷ್ಟದಲ್ಲಿರುವವರಿಗೆಂದು ದಿನಕ್ಕೆ ಒಂದೇ ಒಂದು ಗಾಡಿಗೆ ಅದನ್ನು ಮನ್ನಾ ಮಾಡುವ ಅಧಿಕಾರ ಶಮೀಮಳಿಗಿತ್ತು. ಪುಸ್ತಕದಲ್ಲಿ ಹೆಸರು ಬರೆದಿಟ್ಟು ಸಂಜೆ ಐದಕ್ಕೆ ಕಚೇರಿಗೆ ತಿಳಿಸಬೇಕು.

ಆ ದಿನ ಮಂಟಪದಲ್ಲಿ ಬೀಗರ ಊಟ. ಚಿನಕುರಳಿಯ ಜಮೀನುದಾರ ಚಲುವರಾಜು ತನ್ನ ಕಾರನ್ನು ಚಾರ್ಜಿಗೆ ಹಾಕಿ, ಪಂಚೆ ಕೊಡವಿಕೊಂಡು ಗುಡುಗಿದ.

“ಶಮೀಮಕ್ಕ, ಉಂಡ್ಕಂಡ್ ಬತ್ತೀನಿ. ನಿಂತ ದುಡ್ಡು ಗಿಂತ ದುಡ್ಡು ಅಂತ ನನ್ ಫೋನು ಬಡ್ಕಂಡ್ರೆ ನೋಡು! ನಾವೇನ್ ಹೊರಗ್ನೋರಾ?”

“ಇಲ್ಲ ಅಣ್ಣಾ, ನಿಧಾನಕ್ಕೆ ಉಣ್ಣಿ,” ಎಂದವಳೇ ಮನ್ನಾ ಪುಸ್ತಕದಲ್ಲಿ ಅವನ ಹೆಸರು ಬರೆದುಬಿಟ್ಟಳು. ಅವನಿಗೆ ಕಷ್ಟವೇನೂ ಇರಲಿಲ್ಲ. ಇವಳಿಗೆ ಭಯವಿತ್ತು, ಅಷ್ಟೇ.

ಅವನ ಕಾರು ತುಂಬಿ ಅರ್ಧ ಗಂಟೆ ಕಳೆದಿತ್ತು. ಕಿಕ್ಕೇರಿ ಕಡೆಯಿಂದ ಬಂದ ಕಾರೊಂದು ತೆವಳುತ್ತಾ ಬಂದು ನಿಂತಿತು. ಓಡಿಸುತ್ತಿದ್ದವನು ರವೀಂದ್ರ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ರಮ್ಯ, ಎಂಟು ತಿಂಗಳ ಬಸುರಿ, ಹಲ್ಲು ಕಚ್ಚಿ ನರಳುತ್ತಿದ್ದಳು. ಸೀಟಿನ ಮೇಲೆ ರಕ್ತ.

“ಅಕ್ಕಾ, ಮೈಸೂರಿಗೆ ಓಗ್ಬೇಕು, ಚಾರ್ಜೇ ಇಲ್ಲ. ಆಂಬುಲೆನ್ಸು ಬರಕ್ಕೆ ಮುಕ್ಕಾಲು ಗಂಟೆ ಅಂತಾವ್ರೆ. ಈ ಗಾಡಿ ಯಾರ್ದು? ತೆಗ್ಸಕ್ಕಾ!”

ಶಮೀಮ್ ಚಲುವರಾಜುವಿಗೆ ಫೋನು ಮಾಡಿದಳು, ಎತ್ತಲಿಲ್ಲ. ಮಂಟಪಕ್ಕೆ ಓಡಿದಳು. ಉದ್ದಕ್ಕೆ ಎಲೆ ಹಾಕಿ ಮುದ್ದೆ, ಬಾಡಿನ ಸಾರು ಬಡಿಸಿದ್ದರು. ಪಂಕ್ತಿಯಲ್ಲಿ ಕುಳಿತವರು ಎಲ್ಲರ ಊಟ ಮುಗಿಯುವ ತನಕ ಏಳುವಂತಿಲ್ಲ. ಉಣ್ಣುವವನನ್ನು ಎಲೆಯ ಮುಂದಿನಿಂದ ಎಬ್ಬಿಸುವುದಂತೂ ಬೀಗರ ಮುಂದೆ ದೊಡ್ಡ ಅವಮಾನ. ಅವಳು ಚಲುವರಾಜುವಿನ ಬೆನ್ನ ಹಿಂದೆ ನಿಂತಳು. ಹಿಂತಿರುಗಿಬಿಡೋಣ ಎನಿಸಿತು. ರಕ್ತದ ಆ ಸೀಟು ಕಣ್ಣಿಗೆ ಕಟ್ಟಿತು.

“ಅಣ್ಣಾ, ಏಳಿ.”

ಸಾಲು ಸಾಲೇ ತಿರುಗಿ ನೋಡಿತು. ಚಲುವರಾಜು ಗದರಿದ: “ಉಣ್ಣೋನ್ನ ಎಬ್ಬುಸ್ತೀಯೇನಮ್ಮ? ತಲೆಗಿಲೆ ಕೆಟ್ಟದಾ?”

“ಆಮೇಲೆ ಎಷ್ಟಾದ್ರೂ ಬಯ್ರಿ. ಆಚೆ ಒಬ್ಳು ಬಸ್ರಿ ಸಾಯಂಗವ್ಳೆ. ನಿಮ್ ಗಾಡಿ ತೆಗೀರಿ, ಅಲ್ಲಾನಾಣೆ ಏಳಿ!”

ಚಲುವರಾಜು ಒಂದು ಗಳಿಗೆ ಅವಳ ಮುಖವನ್ನೇ ನೋಡಿದ. ಎಲೆ ಮಡಿಚಿ ಎದ್ದ. ಎಂಜಲು ಕೈಯಲ್ಲೇ ಹೊರಗೆ ಬಂದು ರಮ್ಯಳನ್ನು ಕಂಡವನು ಬೆಚ್ಚಿದ.

“ಲೇ, ಇನ್ನು ಚಾರ್ಜು ಮಾಡ್ಕಂಡು ಕೂರಕ್ಕಾಯ್ತದೇನ್ಲಾ? ನನ್ನ ಗಾಡಿ ತುಂಬದೆ, ಅತ್ಸು ಬೇಗ!”

ಇಬ್ಬರೂ ಸೇರಿ ರಮ್ಯಳನ್ನು ಅದರ ಹಿಂದಿನ ಸೀಟಿನಲ್ಲಿ ಮಲಗಿಸಿದ ಮೇಲೆ ಚಲುವರಾಜು ಕಾರು ತಿರುಗಿಸಿದ. ಖಾಲಿಯಾದ ಜಾಗಕ್ಕೆ ರವೀಂದ್ರ ತನ್ನ ಕಾರನ್ನು ತಂದು ಚಾರ್ಜಿಗೆ ಸಿಕ್ಕಿಸಿ, ಕೀಲಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಹೆಂಡತಿಯ ಪಕ್ಕಕ್ಕೆ ಹಾರಿ ಕುಳಿತ. ಚಲುವರಾಜುವಿನ ಕಾರು ಮೈಸೂರಿನತ್ತ ಹೊರಟಿತು.

ಮಧ್ಯಾಹ್ನವೆಲ್ಲ ಶಮೀಮ್ ಯಂತ್ರದ ಮುಂದೆ ದುವಾ ಪಠಿಸುತ್ತಾ ಕುಳಿತಳು. ರವೀಂದ್ರನ ಕಾರು ತುಂಬಿತು. ಹತ್ತು ನಿಮಿಷವೂ ದಾಟಿತು. ಪರದೆಯ ಮೇಲೆ ನಿಂತ ದುಡ್ಡು ಏರತೊಡಗಿತು: ಐದು, ಹತ್ತು, ಹದಿನೈದು. ಆ ಹೆಂಗಸು ಬದುಕಿದ್ದಾಳೋ ಇಲ್ಲವೋ, ಯಂತ್ರ ಲೆಕ್ಕ ಹಾಕುತ್ತಲೇ ಇತ್ತು. ಮನ್ನಾ ಪುಸ್ತಕದಲ್ಲಿ ತಾನು ಬರೆದಿಟ್ಟಿದ್ದ ಹೆಸರನ್ನು ಅವಳು ಮತ್ತೆ ಮತ್ತೆ ನೋಡಿದಳು.

ನಾಲ್ಕೂವರೆಗೆ ಫೋನು ಬಂತು. ಚಲುವರಾಜುವಿನ ದನಿ ತಗ್ಗಿತ್ತು. “ಹೆಣ್ಣು ಮಗ ಕಣಕ್ಕ. ಗಾಜಿನ ಪೆಟ್ಗೇಲಿ ಮಡಗವ್ರೆ, ಉಸುರಾಡ್ತದೆ. ತಾಯಿ ಕಣ್ ಬುಟ್ಟವ್ಳೆ.”

ಶಮೀಮ್ ಗೋಡೆಗೆ ಒರಗಿದಳು. ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು: “ಅಣ್ಣಾ, ಬೆಳಿಗ್ಗೆ ಮನ್ನಾಗೆ ನಿಮ್ ಹೆಸ್ರು ಬರ್ದಿದ್ದು ಹೆದರ್ಕಂಡು. ಅದನ್ನ ಹೊಡೆದಾಕಿ ಆ ಹುಡುಗನ ಹೆಸ್ರು ಬರೀತೀನಿ. ನಿಮಗೆ ಇಪ್ಪತ್ತು ನಿಮಿಷದ ನಿಂತ ದುಡ್ಡು ಬೀಳ್ತದೆ.”



“ಬರಿಯಮ್ಮ,” ಎಂದ ಚಲುವರಾಜು. “ಎಲೆ ಮುಂದಿಂದ ಎಬ್ಬುಸ್ದೋಳು, ಇದನ್ನ ಬುಟ್ಟೀಯಾ?”

ಅವಳು ಪುಸ್ತಕ ತೆರೆದು ಆ ಹೆಸರಿನ ಮೇಲೆ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು.