ದಸ್ತಿಯ ಕೆಳಗೆ ಚೌಕಾಸಿ ಇಲ್ಲ

ಆಯಿಯ ಬಲಗೈ ಮಣಿಕಟ್ಟಿನ ಮೇಲೆ ಹಸಿರು ಹಚ್ಚೆಯ ಚೇಳೊಂದು ಇತ್ತು. ಮುಷ್ಟಿ ಬಿಗಿದರೆ ಅದರ ಬಾಲ ಮೇಲೇಳುತ್ತಿತ್ತು, ಬಿಟ್ಟರೆ ಮಲಗುತ್ತಿತ್ತು. ರೊಟ್ಟಿ ಬಡಿಯಲು ಕುಳಿತಳೆಂದರೆ ಚೇಳು ಎಲ್ಲಿಗೋ ಓಡಿಹೋಗುತ್ತಿದೆ ಅನ್ನಿಸುತ್ತಿತ್ತು.

"ಆಯಿ, ಈ ಚೇಳು ನಿನಗ ಕಡಿಯಂಗಿಲ್ಲೇನು?" ಎಂದು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ.

"ಕಡೀತದ ಯವ್ವಾ. ಸಿಟ್ಟು ಬಂತಂದ್ರ ಮೊದಲ ನನಗೇ ಕಡೀತದ. ನಿಮಗ ಆಮ್ಯಾಲ," ಅಂದಳು.

ಆಕೆ ನನಗೆ ಬಳಗವೇನೂ ಅಲ್ಲ. ವಾಡಿ ಸ್ಟೇಷನ್ನಿನ ಹಿಂದಿನ ಹಮಾಲರ ಓಣಿಯಲ್ಲಿ ನಮ್ಮ ಮನೆಗೂ ಆಕೆಯ ಮನೆಗೂ ಒಂದೇ ಗೋಡೆ. ಆಗಿನ್ನೂ ನಿಜಾಮರ ಸರಕಾರ. ಅಪ್ಪ ಗೂಡ್ಸ್ ಶೆಡ್ಡಿನಲ್ಲಿ ಚೀಲ ಹೊರುತ್ತಿದ್ದ. ಆಯಿಯ ಗಂಡ ಇದ್ದಷ್ಟು ಕಾಲ ಚಿತ್ತಾಪುರ, ಸೇಡಂ ಕಡೆಯ ದನದ ಸಂತೆಗಳಲ್ಲಿ ದಲಾಲಿ ಮಾಡುತ್ತಿದ್ದನಂತೆ. ಆತ ಹೋದ ಮೇಲೆ ಉಳಿದದ್ದು ಆತ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಒಂದು ಕೆಂಪು ದಸ್ತಿ. ಆ ವಸ್ತ್ರ ಪಡಸಾಲೆಯ ಗೂಟಕ್ಕೆ ತೂಗುಬಿದ್ದಿತ್ತು. ಓಣಿಯ ತಾಯಂದಿರು ರಾವೂರಿನ ಕಡೆ ಕಲ್ಲಿನ ಖಣಿಗೆ ಕೂಲಿಗೆ ಹೋಗುವಾಗ ಮಕ್ಕಳನ್ನು ಆಯಿಯ ಪಡಸಾಲೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಬದಲಿಗೆ ಒಬ್ಬಳು ಜೋಳ ತಂದರೆ ಮತ್ತೊಬ್ಬಳು ಕುಳ್ಳು ತರುತ್ತಿದ್ದಳು.

ಅಷ್ಟು ಮಕ್ಕಳನ್ನು ಒಬ್ಬ ಮುದುಕಿ ಹೇಗೆ ಸಂಭಾಳಿಸುತ್ತಿದ್ದಳು? ಎಪ್ಪತ್ತು ದಾಟಿದ ಮೇಲೂ ನನಗೆ ಅದೇ ಕುತೂಹಲ. ಆಕೆ ಹೊಡೆದದ್ದು ನಾನು ನೋಡಿಲ್ಲ. ಕಥೆಯನ್ನೂ ಹೆಚ್ಚು ಹೇಳುತ್ತಿರಲಿಲ್ಲ, ನಡುವೆ ತಾನೇ ಮರೆತುಬಿಡುತ್ತಿದ್ದಳು. ಆಟ ಆಡಿಸುತ್ತಿದ್ದಳು. ಆಟದ ಸಾಮಾನು ಯಾವುದು ಅಂದರೆ ಮನೆಯಲ್ಲಿ ಬಿದ್ದದ್ದೇ.

ಒಂದು ಮೊರದ ಆಟ. ಜೋಳ ಹಸನು ಮಾಡುತ್ತ ಕುಳಿತವಳು ಇದ್ದಕ್ಕಿದ್ದಂತೆ ಮೊರವನ್ನು ಮುಖಕ್ಕೆ ಅಡ್ಡ ಹಿಡಿಯುವಳು. ಕೆಳಗಿಳಿಸಿದಾಗ ಹಿಂದೆ ಬೇರೆಯೇ ಮುಖ. "ಯಾರ ಮಾರಿ ಇದು? ಏನಾಗ್ಯಾದ ಇದಕ್ಕ?" ನಾವು ಕೂಗಬೇಕು. "ಸಿಟ್ಟು!" "ಅಂಜಿಕಿ!" "ಸುಳ್ಳು ಹೇಳಾಕತ್ತಾಳ!" ಒಂದು ದಿನ ಆಕೆ ಹುಬ್ಬು ಗಂಟಿಕ್ಕಿ ತುಟಿ ಬಿಗಿದಾಗ ಎಲ್ಲರೂ ಸಿಟ್ಟು ಅಂದೆವು.

"ತಪ್ಪು. ಇದು ಹಸಿವು. ಹೊಟ್ಟಿ ಹಸದವಗೂ ಸಿಟ್ಟಾದವಗೂ ಮಾರಿ ಒಂದೇ ಥರ ಇರ್ತದ. ಮೊದಲ ರೊಟ್ಟಿ ಕೊಟ್ಟು ನೋಡ್ರಿ. ಆಮ್ಯಾಲೂ ಹಂಗೇ ಇದ್ರ ಅದು ಸಿಟ್ಟು."

ಮುಂದೆ ನಾನು ರೈಲಿನ ಕಿಟಕಿಗಳಿಗೆ ಶೇಂಗಾ ಮಾರಿದೆ, ಆಮೇಲೆ ತಲೆಯ ಮೇಲೆ ಸೀರೆಯ ಗಂಟು ಹೊತ್ತು ಊರೂರು ತಿರುಗಿದೆ, ಕೊನೆಗೆ ಶಹಾಬಾದಿನಲ್ಲಿ ಸ್ವಂತ ಅಂಗಡಿ ಇಟ್ಟೆ. ಗಾಡಿ ನಿಲ್ಲುವಷ್ಟರಲ್ಲಿ ಯಾವ ಕಿಟಕಿಯಲ್ಲಿ ಕೊಳ್ಳುವವನಿದ್ದಾನೆ, ಯಾವ ಕಿಟಕಿಯಲ್ಲಿ ಬರೀ ದರ ಕೇಳುವವನಿದ್ದಾನೆ ಎಂದು ಗುರುತು ಹಿಡಿಯಬೇಕು. ಜನ ನನ್ನನ್ನು ಚಾಲಾಕಿ ಅಂದರು. ಚಾಲಾಕಿ ನನ್ನದಲ್ಲ, ಮೊರದ್ದು.

ಇನ್ನೊಂದು ರೊಟ್ಟಿಯ ಆಟ. ಜಗಳವಾಡಿ ಬಂದವರ ಮುಂದೆ ಆಯಿ ನಾದಿದ ಹಿಟ್ಟಿನ ಉಂಡೆ ಇಡುವಳು. "ಬಡಿ. ಎಷ್ಟು ಸಿಟ್ಟದ ಅಷ್ಟು ಬಡಿ." ಜೋಳದ ರೊಟ್ಟಿ ಸಮಾಧಾನದ ಕೈಗೆ ದಪ್ಪಗಾಗುತ್ತದೆ, ಸಿಟ್ಟಿನ ಕೈಗೆ ತೆಳ್ಳಗಾಗುತ್ತದೆ. ಹರಿದು ಚೂರಾದರೆ ಮತ್ತೆ ಉಂಡೆ ಮಾಡಿ ಕೊಡುವಳು. ಯಾರ ಜೊತೆ ಜಗಳವಾಗಿತ್ತೋ ಅವರೇ ಆ ರೊಟ್ಟಿಯ ಅರ್ಧ ತಿನ್ನಬೇಕು ಎಂಬುದು ಕರಾರು. ಮನೆಯಲ್ಲಿ ಮಕ್ಕಳಿರುವವರು ಇದನ್ನು ಮಾಡಿ ನೋಡಿ. ಖರ್ಚಿಲ್ಲ, ಮೇಲಾಗಿ ಅಡುಗೆಯೂ ಆಗುತ್ತದೆ.

ಆದರೆ ನನ್ನ ತಮ್ಮನಿಗೆ ಮೊರವೂ ನಾಟಲಿಲ್ಲ, ರೊಟ್ಟಿಯೂ ನಾಟಲಿಲ್ಲ.

ಅವ್ವ ಹೆರಿಗೆಯಲ್ಲಿ ಹೋದಳು, ಕೂಸೂ ಉಳಿಯಲಿಲ್ಲ. ಅಂದಿನಿಂದ ತಮ್ಮ ಮಾತು ಬಿಟ್ಟ. ಆಗ ಅವನಿಗೆ ಹಾಲಿನ ಹಲ್ಲು ಬೀಳುವ ವಯಸ್ಸು. ಮಾತಿನ ಬದಲು ಕಡಿಯುವುದನ್ನು ಕಲಿತ. ಹತ್ತಿರ ಬಂದವರ ಕೈ, ಭುಜ, ಒಮ್ಮೆ ಅಪ್ಪನ ತೊಡೆ. ಹಿಟ್ಟಿನ ಉಂಡೆ ಕೊಟ್ಟರೆ ಅದನ್ನೂ ಕಡಿದು ಉಗುಳುತ್ತಿದ್ದ. ಅವ್ವ ಇದ್ದಾಗ ಮಾತಿನ ಮಲ್ಲ ಅವನು, ರೈಲಿಗೂ ಉತ್ತರ ಕೊಡುತ್ತಿದ್ದ. ಆ ಮಾತೆಲ್ಲ ಎಲ್ಲಿ ಹೋಗಿ ಕುಳಿತಿದೆ ಎಂದು ನಾನು ಅವನ ಬಾಯೊಳಗೆ ಇಣುಕಿ ನೋಡಿದ್ದೂ ಉಂಟು.

ಆಯಿ ಒಂದು ಮಧ್ಯಾಹ್ನ ಗೂಟದ ಮೇಲಿನ ದಸ್ತಿ ಇಳಿಸಿದಳು.

ದನದ ಸಂತೆಯಲ್ಲಿ ದರ ಬಾಯಿಂದ ಹೇಳುವ ಪದ್ಧತಿ ಇಲ್ಲ. ಮಾರುವವನ ಕೈಯನ್ನು ದಲಾಲಿ ದಸ್ತಿಯ ಕೆಳಗೆ ಹಿಡಿದು ದರಕ್ಕೆ ತಕ್ಕಷ್ಟು ಬೆರಳು ಅಮುಕುತ್ತಾನೆ. ಸುತ್ತ ಎಷ್ಟೇ ಜನ ನಿಂತಿರಲಿ, ದರ ಆ ಎರಡು ಕೈಗಳಿಗಷ್ಟೇ ಗೊತ್ತು. ಅದನ್ನು ನಾವೆಲ್ಲ ನೋಡಿದವರೇ.

"ಇವತ್ತ ನಮ್ಮದೂ ಸಂತಿ. ಇಬ್ಬಿಬ್ಬರು ಕುಂದ್ರಿ," ಅಂದಳು ಆಯಿ. "ಮಾಲು ಯಾವುದು ಅಂತ ನಾ ಕೂಗ್ತೀನಿ. ಅಂಜಿಕಿ ಅಂದೆ ಅಂದ್ರ, ನಿಮ್ಮ ಹೊಟ್ಟ್ಯಾಗ ಎಷ್ಟು ಅಂಜಿಕಿ ಅದ ಅಷ್ಟು ಬೆರಳು ಹಿಡೀರಿ. ಸ್ವಲ್ಪ ಇದ್ರ ಒಂದು. ತಡ್ಯಾಕ ಆಗಂಗಿಲ್ಲ ಅಂದ್ರ ಇಡೀ ಕೈ. ಬಾಯಿ ಬಿಡಬ್ಯಾಡ್ರಿ. ದಸ್ತಿ ಕೆಳಗಿಂದು ದಸ್ತಿ ಕೆಳಗೇ ಇರ್ಬೇಕು."

ಮಾತು ಬೇಡದ ಆಟ. ತಮ್ಮ ತಾನಾಗಿಯೇ ಬಂದು ನನ್ನೆದುರು ಕುಳಿತ.

ಆಯಿ "ಖುಷಿ" ಅಂದಳು, ಅವನ ಕೈ ಅಲುಗಲಿಲ್ಲ. "ಅಂಜಿಕಿ" ಅಂದಳು, ಎರಡು ಬೆರಳು. "ದುಃಖ" ಅಂದಳು, ನನ್ನ ಇಡೀ ಕೈಯನ್ನು ಅವನು ಹಿಂಡಿಬಿಟ್ಟ.

ಆಗ ನಾನು ಮಾಡಿದ್ದು ಸಂತೆ ನೋಡಿದ ಮಕ್ಕಳು ಮಾತ್ರ ಮಾಡುವಂಥ ಕೆಲಸ. ಅವನ ಬೆರಳುಗಳನ್ನು ಬಿಡಿಸುತ್ತ, "ಅಷ್ಟ್ಯಾಕೋ? ಭಾಳ ಹೇಳಾಕತ್ತಿ. ಎರಡಕ್ಕ ಕೊಡು," ಅಂದೆ. ಎಲ್ಲರೂ ನಕ್ಕರು. ತಮ್ಮ ದಸ್ತಿಯ ಮೇಲಿಂದಲೇ ನನ್ನ ಕೈ ಕಡಿದ.

"ಕಡಿಸ್ಕೊಂಡಿ? ಛಲೋ ಆತು," ಅಂದಳು ಆಯಿ. "ಹುಟ್ಟಾ ಚೌಕಾಸಿ ಹುಡುಗಿ ಅದ ಇದು. ಎತ್ತಿನ ಸಂತ್ಯಾಗ ಚೌಕಾಸಿ ಮಾಡು, ಬ್ಯಾಡ ಅನ್ನಂಗಿಲ್ಲ. ಇಲ್ಲಿ ಹೇಳಿದ್ದೇ ದರ. 'ಕೇಳ್ದೆ' ಅನ್ನು, ಸುಮ್ಕಿರು."

"ಕೇಳಿ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ. ಕೈ ಬಿಡಬ್ಯಾಡ, ಅಷ್ಟೇ."

ಮತ್ತೆ ಕೈ ಕೊಟ್ಟೆ. ಅವನು ಮತ್ತೆ ಅಷ್ಟೇ ಹಿಂಡಿದ. "ಕೇಳ್ದೆ," ಅಂದೆ. ಮಿಕ್ಕವರ ಆಟ ಮುಗಿದು, ಖಣಿಯಿಂದ ತಾಯಂದಿರು ಬಂದು ಕರೆದುಕೊಂಡು ಹೋಗುವ ತನಕ ಅವನು ಕೈ ಬಿಡಲೇ ಇಲ್ಲ. ನನ್ನ ಬೆರಳು ಜೋಮು ಹಿಡಿದಿದ್ದವು.

ಅಂದಿನಿಂದ ದಿನವೂ ದಸ್ತಿ ತಾನೇ ಎಳೆದು ತರುತ್ತಿದ್ದ. ಕಡಿತ ಕಡಿಮೆಯಾಯಿತು, ನಿಲ್ಲಲಿಲ್ಲ. ಮಾತಂತೂ ಬರಲಿಲ್ಲ.

ಹೀಗಿರುವಾಗ ಅವನು ಗೂಡ್ಸ್ ಶೆಡ್ಡಿನ ಗುಮಾಸ್ತ ಬಾಬುವಿನ ಮಗನನ್ನು ಕಡಿದ. ಆ ಹುಡುಗ ಅವನಿಗೆ 'ಮೂಕ' ಅಂದಿದ್ದ. ಬಾಬುವಿನ ಹೆಂಡತಿ ನಮ್ಮ ಬಾಗಿಲಿಗೇ ಬಂದು, "ಮನ್ಯಾಗ ಮಗನ್ನ ಸಾಕೀರೋ ನಾಯಿ ಸಾಕೀರೋ?" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೋದಳು. ಬಾಬು ಬೇಡ ಅಂದರೆ ಅಪ್ಪನಿಗೆ ಶೆಡ್ಡಿನಲ್ಲಿ ಚೀಲ ಸಿಗುತ್ತಿರಲಿಲ್ಲ. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಗೋಡೆಗೆ ಮುಖ ಮಾಡಿ ಕುಳಿತು ಹೇಳಿದ:

"ನಾಳೆ ಕಾಳಗಿ ಕಡೆ ಬಂಡಿ ಹೋಗ್ತದ. ಇವನ್ನ ಕೊಡ್ಲಿ ಊರಿಗೆ ಒಯ್ದು ಅಕ್ಕನ ಮನ್ಯಾಗ ಬಿಟ್ಟು ಬರ್ತೀನಿ. ಆಡು ಕಾಯ್ಕೊಂಡು ಇರ್ಲಿ. ಆಡಿಗೆ ಮಾತು ಬೇಕಿಲ್ಲ."

ಕೊಡ್ಲಿಯ ಅತ್ತೆ ಕೆಟ್ಟವಳೇನಲ್ಲ. ಆದರೆ ಆಕೆಯ ಮನೆಯಲ್ಲಿ ದಸ್ತಿಯ ಆಟ ಯಾರಿಗೆ ಗೊತ್ತು? ಅವನು ಅಲ್ಲಿಗೆ ಹೋದರೆ ಮಾತು ಅವನೊಳಗೇ ಹೂತುಹೋಗುತ್ತದೆ ಎಂಬುದು ನನಗೆ ಆ ವಯಸ್ಸಿನಲ್ಲೂ ಹೊಳೆದಿತ್ತು. ಗೋಡೆಯಾಚೆ ಹೋಗಿ ಆಯಿಗೆ ಹೇಳಿ ಕಣ್ಣೀರು ಹಾಕಿದೆ. ಆಕೆ ಮುಷ್ಟಿ ಬಿಗಿದಳು. ಮಣಿಕಟ್ಟಿನ ಚೇಳು ಬಾಲ ಎತ್ತಿತು.

ಮುಂಜಾನೆ ಬಂಡಿ ಓಣಿಯ ತುದಿಗೆ ಬಂದು ನಿಂತಿತು. ಅಪ್ಪ ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ತಮ್ಮನ ರಟ್ಟೆ ಹಿಡಿದು ಹೊರಬಿದ್ದ. ಆಯಿ ತನ್ನ ಕಟ್ಟೆಯ ಮೇಲೆ ಕುಳಿತಿದ್ದಳು, ತೊಡೆಯ ಮೇಲೆ ಕೆಂಪು ದಸ್ತಿ.

"ಬಾರಪ್ಪ, ಇಲ್ಲಿ ಕುಂದ್ರು," ಅಂದಳು.

"ಬಂಡಿ ನಿಂತದ ಆಯಿ. ತಡಾ ಆಗ್ತದ. ನೀ ಏನ್ ಹೇಳ್ತೀ ನನಗ ಗೊತ್ತದ."

"ಹೋಗಬ್ಯಾಡ ಅಂತ ನಾ ಎಲ್ಲಿ ಅಂದೆ? ಕೊಡೋದು ಇದ್ರ ಕೊಡು. ಆದ್ರ ಒಂದು ಎತ್ತು ಕೊಡುವಾಗ್ಲೂ ದಸ್ತಿ ಕೆಳಗ ಕೈ ಹಾಕ್ತೀವಿ. ಮಗನ್ನ ಕೊಡುವಾಗ ಬ್ಯಾಡೇನು?"

ಓಣಿಯ ಬಾಗಿಲುಗಳಲ್ಲಿ ಹೆಣ್ಣುಮಕ್ಕಳು ನಿಂತಿದ್ದರು. ಅಪ್ಪನ ಮುಖ ಕೆಂಪಾಯಿತು. "ಹುಡುಗರ ಆಟ ನನ್ನ ಸಂಗಾಟ ಆಡಬ್ಯಾಡ," ಅಂದ. ಅಂದವನು ಕುಳಿತ. ಅದೇಕೆ ಕುಳಿತನೋ! ಆಯಿಯ ಎದುರು ನಿಂತು ಗೆದ್ದವರನ್ನು ನಾನು ಕಂಡಿಲ್ಲ.

ಆಯಿ ತಂದೆ ಮಗನ ಕೈಗಳನ್ನು ಸೇರಿಸಿ ಮೇಲೆ ದಸ್ತಿ ಹೊದಿಸಿದಳು. "ಮೊದಲ ಹುಡುಗ ಹೇಳ್ತಾನ. ಆಮ್ಯಾಲ ನೀ ಹೇಳು. ಕಮ್ಮಿ ಮಾಡು ಅನ್ನಂಗಿಲ್ಲ, ಗಂಡಸು ಮಗ ಅಳಬಾರದು ಅನ್ನಂಗಿಲ್ಲ. 'ಕೇಳ್ದೆ', ಅಷ್ಟೇ." ಆಮೇಲೆ ಸಣ್ಣ ದನಿಯಲ್ಲಿ ಮಾಲಿನ ಹೆಸರು ಹೇಳಿದಳು: "ಅವ್ವ."

ಆ ಮಾಲನ್ನು ಆಕೆ ಎಂದೂ ಕೂಗಿರಲಿಲ್ಲ.

ದಸ್ತಿ ಅಲುಗಿತು. ಅಪ್ಪ ಏನೋ ಹೇಳಲು ಬಾಯಿ ತೆರೆದ. ಆಯಿ ಅವನನ್ನೇ ನೋಡುತ್ತಿದ್ದಳು. ಅಪ್ಪ ಆ ಮಾತು ಬಿಟ್ಟು, "ಕೇಳ್ದೆ," ಅಂದ.

"ಈಗ ನಿಂದು," ಅಂದಳು ಆಯಿ.

ಅಪ್ಪ ತಲೆ ಬಗ್ಗಿಸಿದ. ಚೀಲ ಹೊತ್ತು ಒಡೆದ ಆ ದೊಡ್ಡ ಕೈ ದಸ್ತಿಯ ಕೆಳಗೆ ಏನು ಹೇಳಿತೋ ನಮಗೆ ಕಾಣಲಿಲ್ಲ. ತಮ್ಮ ಅವನ ಮುಖವನ್ನು, ಮೊರ ಕೆಳಗಿಳಿದಾಗ ಆಯಿಯ ಮುಖ ನೋಡುತ್ತಿದ್ದ ಹಾಗೆ, ಕಣ್ಣು ಬಿಟ್ಟು ನೋಡಿದ.

"ಕೇಳ್ದೆ," ಅಂದ.

ಅವನ ದನಿ ನಮಗೇ ಮರೆತುಹೋಗಿತ್ತು. ಯಾರಂದರು ಎಂದು ಒಂದು ಗಳಿಗೆ ನಾವೆಲ್ಲ ಸುತ್ತ ನೋಡಿದೆವು.

ಬಂಡಿಯವನು ತುದಿಯಿಂದ ಕೂಗಿದ, "ಬರ್ತೀರೋ ಇಲ್ಲೋ? ಬಿಸಿಲು ಏರಾಕತ್ತದ!"

ಅಪ್ಪ ತಲೆ ಎತ್ತದೇ, "ನೀ ನಡಿಯಪ್ಪ," ಅಂದ.

ಮರುದಿನದಿಂದ ಎಲ್ಲ ಸರಿಯಾಯಿತು ಎಂದು ಹೇಳಿದರೆ ಅದು ಅಂಗಡಿಯ ಮಾತಾಗುತ್ತದೆ. ಮಾತು ಒಂದೊಂದಾಗಿ ಬಂತು. ಕಡಿತ ಮತ್ತೆ ಒಂದೆರಡು ಸಲ ಆಯಿತು. ಅಪ್ಪ ತಾನೇ ಅವನನ್ನು ಕರೆದುಕೊಂಡು ಬಾಬುವಿನ ಮನೆಗೆ ಹೋಗಿ ಬಂದ. ಅಲ್ಲಿ ತಮ್ಮ, ತಾನು ಬಡಿದ ಅಂಕುಡೊಂಕು ರೊಟ್ಟಿಯ ಅರ್ಧ ಆ ಹುಡುಗನ ಕೈಗೆ ಕೊಟ್ಟನಂತೆ. ಮುಂದೆ ಅವನು ರೈಲ್ವೆಯಲ್ಲೇ ಕೆಲಸಕ್ಕೆ ಸೇರಿದ. ಈಗಲೂ ವಾಚಾಳಿ, ಬಾಯಿ ಮುಚ್ಚಿಸುವುದೇ ಕಷ್ಟ.

ಅಪ್ಪ ಅಂದು ಎಷ್ಟು ಬೆರಳು ಹಿಡಿದ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಪ್ಪನನ್ನು ಕೇಳಿದರೆ ಬೀಡಿ ಹುಡುಕುವನು. ತಮ್ಮನಿಗೆ ಶೇಂಗಾ ಚಿಕ್ಕಿಯ ಆಸೆ ತೋರಿಸಿದೆ, ಹೆದರಿಸಿದೆ, ನನಗೆ ಗೊತ್ತಿದ್ದ ಅಷ್ಟೂ ವ್ಯಾಪಾರದ ವಿದ್ಯೆ ಬಳಸಿದೆ. "ದಸ್ತಿ ಕೆಳಗಿಂದು ದಸ್ತಿ ಕೆಳಗೇ," ಎಂದು ಹಲ್ಲು ಕಿರಿಯುವನು.

ಹೆತ್ತವರಿಗೆ ನಾನು ಹೇಳುವುದು ಇಷ್ಟೇ. ಮಗು ಬಿದ್ದು ಅತ್ತರೆ "ಏನೂ ಆಗಿಲ್ಲ ಏಳು" ಅನ್ನುತ್ತೀರಿ. ಅದು ಚೌಕಾಸಿ. ಮಗು ಹೇಳಿದ ದರ ನಿಮಗೆ ಹೆಚ್ಚು ಅನ್ನಿಸಬಹುದು. ಹೊರಲಾರದವರಿಗೆ ಒಂದು ಬುಟ್ಟಿಯೂ ಭಾರವೇ. ಸೀರೆಗೆ ಎಷ್ಟು ಬೇಕಾದರೂ ಕಮ್ಮಿ ಕೇಳಿ, ನಾನೂ ಬಿಡುವವಳಲ್ಲ. ಮಕ್ಕಳ ಅಳುವಿಗೆ ಕಮ್ಮಿ ಕೇಳಬೇಡಿ.

ನಿಜಾಮರ ರಾಜ್ಯ ಮುಗಿಯುವ ಹೊತ್ತಿಗೆ ಊರಲ್ಲಿ ಗಲಾಟೆ, ಭಾಳ ಭಯ. ಹೊತ್ತು ಮುಳುಗುವ ಮುಂಚೆಯೇ ಓಣಿಯ ಕದಗಳು ಹಾಕಿಕೊಳ್ಳುತ್ತಿದ್ದವು. ಆ ದಿನಗಳಲ್ಲಿ ದೊಡ್ಡವರೂ ಆಯಿಯ ಪಡಸಾಲೆಗೆ ಬಂದು, ನಾಚುತ್ತಲೇ, ದಸ್ತಿಯ ಕೆಳಗೆ ಕೈ ಹಾಕಿ ಹೋದದ್ದನ್ನು ಕಂಡಿದ್ದೇನೆ. ಗಲಾಟೆ ತಣ್ಣಗಾದ ಆ ಚಳಿಗಾಲದಲ್ಲಿ ಆಯಿ ಹಾಸಿಗೆ ಹಿಡಿದಳು. ಆಗ ನಾನು ಸ್ಟೇಷನ್ನಿನಲ್ಲಿ ಶೇಂಗಾ ಮಾರುತ್ತಿದ್ದೆ. ಮಧ್ಯಾಹ್ನದ ಗಾಡಿ ಹೋದ ಮೇಲೆ ಬಂದು ಹತ್ತಿರ ಕುಳಿತುಕೊಳ್ಳುತ್ತಿದ್ದೆ.

"ಆಯಿ, ಈಗಾದರೂ ಹೇಳು. ಅವತ್ತ ಅಪ್ಪ ಎಷ್ಟು ಬೆರಳು ಹಿಡದಿದ್ದ?"

"ನನಗೇನು ಗೊತ್ತ ಹುಚ್ಚಿ? ನಡುವ ನನ್ನ ಕೈ ಇತ್ತೇನು?" ಎಂದು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ನನ್ನ ಕೈಯನ್ನು ಕೌದಿಯ ಒಳಗೆ ಎಳೆದುಕೊಂಡಳು. ಚೇಳು ಸೊರಗಿ ಗೆರೆಯಾಗಿತ್ತು. "ಮಾಲು ಅಂಜಿಕಿ," ಅಂದಳು.

ಆಯಿಗೂ ಅಂಜಿಕೆಯೇ? ಆಕೆ ನನ್ನ ಬೆರಳು ಹಿಡಿದಳು. "ಅಷ್ಟ್ಯಾಕ ಆಯಿ, ನಿನಗೇನೂ ಆಗಂಗಿಲ್ಲ," ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

"ಕೇಳ್ದೆ, ಆಯಿ."

"ಹಾಂ. ಈಗ ಕಲ್ತಿ ನೋಡು ವ್ಯಾಪಾರ," ಅಂದಳು.

ಸಂಜೆಯ ಗಾಡಿ ಬಂತು, ನಿಂತು ಹೋಯಿತು. ಶೇಂಗಾದ ಬುಟ್ಟಿ ಬಾಗಿಲಲ್ಲೇ ಇತ್ತು, ನಾನು ಏಳಲಿಲ್ಲ. ಆ ಕೈ ತಣ್ಣಗಾದ ಮೇಲೂ ಬೆರಳು ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ತಮ್ಮ ಈಗ ಮುದುಕ. ಆಯಿ ಕೊನೆಗೆ ಎಷ್ಟು ಬೆರಳು ಹಿಡಿದಳು ಎಂದು ನನ್ನನ್ನು ಇಂದಿಗೂ ಕಾಡುತ್ತಾನೆ. ನಾನು ಹಲ್ಲು ಕಿರಿಯುತ್ತೇನೆ.