ಲೈಟ್ ಆರಿಸು, ಸಾಕು

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಅವಳು ಇಂಗ್ಲಿಷಿನಿಂದ ಕನ್ನಡಕ್ಕೆ ಜಾರಿದಳು. ಮೀಟಿಂಗ್ ಇನ್ನೂ ಎಷ್ಟು ಹೊತ್ತು ಎಳೆಯುತ್ತದೋ ಎಂಬ ಬೇಸರದಲ್ಲಿ ನಾನು ಆಗಷ್ಟೇ ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ಗಡಿಯಾರ ನೋಡಿದ್ದೆ. ಹಾಗಾಗಿ ಸಮಯದ ಬಗ್ಗೆ ನನಗೆ ಅನುಮಾನವಿಲ್ಲ. ಆಮೇಲಿನದು ಎಷ್ಟು ಹೊತ್ತು ನಡೆಯಿತು, ಯಾವುದು ಮೊದಲು ಯಾವುದು ನಂತರ ಎಂದು ಕೇಳಿದರೆ ಒಂದೊಂದು ದಿನ ಒಂದೊಂದು ಥರ ಹೇಳುತ್ತೇನೆ.

ಜನವರಿಯ ಚಳಿ. ಹೊರಗೆ ಮಂಜು ಯಾವುದು, ಹೊಗೆ ಯಾವುದು ಎಂದು ಗೊತ್ತಾಗದ ಬಿಳುಪು. ಗಾಳಿ ಕೆಟ್ಟಿದೆ, ಮನೆಯಿಂದಲೇ ಕೆಲಸ ಮಾಡಿ ಎಂದು ಆಫೀಸಿನವರು ಹೇಳಿದ್ದರು. ನಾನು ನೋಯ್ಡಾದ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮುಂದೆ ಕೂತಿದ್ದೆ. ಅವಳು ದೆಹಲಿಯ ಓಲ್ಡ್ ರಾಜಿಂದರ್ ನಗರದ ತನ್ನ ಕೋಣೆಯಲ್ಲಿದ್ದಳು. ನಮ್ಮ ತಂಡದಲ್ಲಿ ಕನ್ನಡದವರು ನಾವಿಬ್ಬರೇ. ಅವಳು ದಾವಣಗೆರೆ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಐಎಎಸ್ ಪರೀಕ್ಷೆಗೆಂದು ದೆಹಲಿಗೆ ಬಂದು, ಎರಡು ಸಲ ಬರೆದು, ಕೊನೆಗೆ ನಮ್ಮ ಕಂಪನಿಗೆ ಸೇರಿದ್ದಳು. ಕೆಲಸ ಸಿಕ್ಕರೂ ಓದುವಾಗಿನ ಕೋಣೆ ಬಿಡಲಿಲ್ಲ. ಮೆಟ್ರೋ ನೇರವಾಗಿ ನೋಯ್ಡಾಕ್ಕೆ ಬರುತ್ತದೆ, ಕೆಳಗೆ ಇಳಿದರೆ ಟೀ ಸಿಗುತ್ತದೆ, ಇನ್ನೇನು ಬೇಕಕ್ಕಾ ಅನ್ನುತ್ತಿದ್ದಳು.

ಆ ತಿಂಗಳಿಂದ ಎಲ್ಲರೂ ಕ್ಯಾಮೆರಾ ಹಾಕಲೇಬೇಕು ಎಂದು ಮ್ಯಾನೇಜರ್ ನಿಯಮ ಮಾಡಿದ್ದರು. ಕಪ್ಪು ಚೌಕಗಳ ಜೊತೆ ಮಾತಾಡಿ ಸಾಕಾಗಿದೆ ಎಂದು ಅವರ ದೂರು. ನಾವೆಲ್ಲ ಗೊಣಗಿದ್ದೆವು. ತಲೆ ಬಾಚಬೇಕು, ಹಿಂದೆ ಒಣಹಾಕಿದ ಬಟ್ಟೆ ಕಾಣದ ಹಾಗೆ ಕೂರಬೇಕು, ಮುಖಕ್ಕೆ ಒಂದು ಆಸಕ್ತಿಯನ್ನು ಅಂಟಿಸಿಕೊಂಡಿರಬೇಕು. ಗಂಟೆಗಟ್ಟಲೆ ತಮ್ಮದೇ ಮುಖ ನೋಡುತ್ತ ಕೂರುವುದು ಎಷ್ಟು ಸುಸ್ತು ಎಂದು ಅದನ್ನು ಮಾಡಿದವರಿಗೇ ಗೊತ್ತು.

ಅಂದು ಅವಳ ತಲೆಗೂದಲು ಒದ್ದೆಯಿತ್ತು. ಹೊದಿಕೆ ಹೊದ್ದು, ಮುಖ ಮಾತ್ರ ಹೊರಗಿಟ್ಟು, ಗ್ರಾಹಕರ ದೂರುಗಳಲ್ಲಿ ಯಾವುದು ಮುಗಿದಿದೆ, ಯಾವುದು ಉಳಿದಿದೆ ಎಂದು ಓದುತ್ತಿದ್ದಳು. ಥರ್ಟಿ ತ್ರೀ ಪೆಂಡಿಂಗ್. ಥರ್ಟಿ ಫೋರ್ ಪೆಂಡಿಂಗ್. ಮೂವತ್ತೈದು. ಮೂವತ್ತಾರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮ್ಯಾನೇಜರ್, "ಆಜ್ ಕನ್ನಡ ಕ್ಲಾಸ್ ಹೈ ಕ್ಯಾ?" ಎಂದರು, ಇವತ್ತೇನು ಕನ್ನಡ ಪಾಠವೇ ಎಂದು. ಅವಳು ನಗಲಿಲ್ಲ. ಓದುವುದು ನಿಲ್ಲಿಸಿ, ಪಕ್ಕದಲ್ಲಿ ಯಾರೋ ಇದ್ದಾರೆಂಬಂತೆ ಎಡಕ್ಕೆ ತಿರುಗಿ, ತುಂಬ ಸಹಜವಾಗಿ, "ಅಮ್ಮಾ, ಲೈಟ್ ಆರಿಸು, ಸಾಕು" ಎಂದಳು.

ಮನೆಯವರ ಜೊತೆ ಮಾತಾಡುತ್ತಿದ್ದಾಳೆ ಎಂದುಕೊಂಡ ಮ್ಯಾನೇಜರ್ ಅವಳನ್ನು ಮ್ಯೂಟ್ ಮಾಡಿದರು. ಅದು ಅವರ ಸೌಜನ್ಯ. ಯಾರ ಮನೆಯ ಕುಕ್ಕರ್ ಕೂಗಿದರೂ, ಯಾರ ಅತ್ತೆ ಬೈದರೂ ಅವರು ತಕ್ಷಣ ಆ ಮನೆಯ ಬಾಯಿ ಮುಚ್ಚುತ್ತಿದ್ದರು. ಒಬ್ಬರು ಚಾಟ್‌ನಲ್ಲಿ, ಪಾಪ, ಅವಳ ವಿಡಿಯೋ ಫ್ರೀಜ್ ಆಗಿದೆ ಎಂದು ಬರೆದರು. ಮೀಟಿಂಗ್ ಮುಂದಿನ ವಿಷಯಕ್ಕೆ ಹೋಯಿತು.

ಅವಳ ಅಮ್ಮ ದಾವಣಗೆರೆಯಲ್ಲಿದ್ದಾರೆ. ಹೊತ್ತು ಬೆಳಗಿನದು. ಆ ಹನ್ನೊಂದು ಚೌಕಗಳಲ್ಲಿ ಅವಳು ಅಂದದ್ದು ಏನೆಂದು ಅರ್ಥವಾದದ್ದು ನನ್ನೊಬ್ಬಳಿಗೆ. ಅರ್ಥವಾಗಿಯೂ ಮೊದಲು ನನಗೆ ಬಂದದ್ದು ಬರೀ ಒಂದು ಕಸಿವಿಸಿ. ಅವಳ ಚೌಕವನ್ನು ದೊಡ್ಡದು ಮಾಡಿ ನೋಡಿದೆ. ಅವಳು ಅಲುಗುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು. ನಿಜವಾಗಿಯೂ ನಿಂತುಹೋದ ಚಿತ್ರದ ಹಾಗೇ ಇತ್ತು. ಆದರೆ ಅವಳ ಹಿಂದೆ ಬಚ್ಚಲಿನ ಅರೆ ತೆರೆದ ಬಾಗಿಲಿಂದ ಬಿಸಿನೀರಿನ ಆವಿ ಬರುತ್ತಿತ್ತು. ನಿಧಾನವಾಗಿ, ಸುರುಳಿ ಸುರುಳಿಯಾಗಿ. ಚಿತ್ರ ನಿಂತಿರಲಿಲ್ಲ. ನಿಂತವಳು ಅವಳು.

ದೀಪಾವಳಿಗೆ ಆ ಕೋಣೆಗೆ ಹೋಗಿದ್ದೆ. ಬಚ್ಚಲಿನ ಗೋಡೆಗೆ ಗ್ಯಾಸ್ ಗೀಸರ್ ಇದೆ, ಅದರ ಕೆಳಗೆ ಸಣ್ಣ ಸಿಲಿಂಡರು. ಅಲ್ಲಿ ನೀರು ಬರುವುದು ಬೆಳಿಗ್ಗೆ ಮಾತ್ರ, ಆದ್ದರಿಂದ ಸ್ನಾನ, ಬಟ್ಟೆ, ಬಕೆಟ್ ಎಲ್ಲ ಒಂದೇ ಉಸಿರಿಗೆ, ಮೀಟಿಂಗ್ ಶುರುವಾದರೂ ಗೀಸರ್ ಉರಿಯುತ್ತಲೇ ಇರುತ್ತದೆ. ಇದ್ದ ಒಂದೇ ಕಿಟಕಿಯ ಸಂದುಗಳಿಗೆ ಹೊಗೆ ಬರದಿರಲೆಂದು ಕಂದು ಟೇಪು ಅಂಟಿಸಿದ್ದಳು. ನನ್ನ ಮಗಳ ಕೋಣೆಗೂ ನಾನು ಅದೇ ಟೇಪು ಅಂಟಿಸಿದ್ದೇನೆ. ದೆಹಲಿಗೆ ಬಂದವರು ಮೊದಲು ಕಲಿಯುವುದು ಹೊರಗಿನ ಗಾಳಿಗೆ ಹೆದರುವುದನ್ನು. ಗೀಸರ್ ಉರಿದಾಗ ಬರುವ ವಿಷಗಾಳಿಗೆ ವಾಸನೆಯಿಲ್ಲ, ಮುಚ್ಚಿದ ಕೋಣೆಯಲ್ಲಿ ಮಂಪರು ಬರಿಸಿ ಕೊಂದುಬಿಡುತ್ತದೆ ಎಂದು ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ಚಳಿಗಾಲ ಯಾರಾದರೊಬ್ಬರು ಕಳಿಸುತ್ತಾರೆ. ಓದದೆ ಅಳಿಸುವ ಸಂದೇಶಗಳಲ್ಲಿ ಅದೂ ಒಂದು.

ನಾನು ಅವಳಿಗೆ ಫೋನ್ ಮಾಡಿದೆ. ಮೇಜಿನ ಮೇಲಿದ್ದ ಅವಳ ಫೋನಿನ ಬೆಳಕು ಅವಳ ಗಲ್ಲದ ಮೇಲೆ ಬಿದ್ದದ್ದು ನನಗೆ ಕಾಣಿಸಿತು. ಬೆಳಕು ಹೊತ್ತಿ ಆರಿತು, ಹೊತ್ತಿ ಆರಿತು. ಅವಳು ಅದರ ಕಡೆ ನೋಡಲಿಲ್ಲ. ಇಷ್ಟು ವರ್ಷದ ನಂತರವೂ ನನಗೆ ಎಲ್ಲಕ್ಕಿಂತ ಸರಿಯಾಗಿ ನೆನಪಿರುವುದು ಆ ಬೆಳಕು.

ಮೀಟಿಂಗಿನಲ್ಲಿ ನಾನು ಏನು ಹೇಳಿದೆನೋ, ಯಾವ ಭಾಷೆಯಲ್ಲಿ ಹೇಳಿದೆನೋ, ಅಂತೂ ಎಲ್ಲರಿಗೂ ತಿಳಿಯಿತು. ಮ್ಯಾನೇಜರ್ ಮೊದಲು ಅವಳ ಮ್ಯೂಟ್ ತೆಗೆಯಲು ನೋಡಿದರು. ಆಗಲಿಲ್ಲ. ಈ ಮೀಟಿಂಗುಗಳನ್ನು ನಡೆಸುವವರಿಗೆ ಇನ್ನೊಬ್ಬರ ದನಿ ಮುಚ್ಚುವ ಅಧಿಕಾರವಿದೆ, ತೆರೆಯುವ ಅಧಿಕಾರವಿಲ್ಲ. ದಯವಿಟ್ಟು ತೆರೆಯಿರಿ ಎಂದು ಒಂದು ಕೋರಿಕೆ ಕಳಿಸಬಹುದಷ್ಟೆ. ಅವರು ಕಳಿಸಿದರು. ಅದು ಅವಳ ಪರದೆಯ ಮೇಲೆ, ಅವಳ ಕಣ್ಣ ಮುಂದೆ, ಸುಮ್ಮನೆ ಕಾಯುತ್ತ ಕೂತಿರಬೇಕು. ಆಮೇಲೆ ಅವರು ತುರ್ತು ಸಹಾಯದವರಿಗೆ ಫೋನ್ ಹಚ್ಚಿದರು. ನಾನು ಮನೆ ನಂಬರು ಗೊತ್ತಿಲ್ಲದೆ, ಜೆರಾಕ್ಸ್ ಅಂಗಡಿಯ ಗಲ್ಲಿ, ಅಂಗಡಿಯ ಮೇಲಿನ ಎರಡನೆಯ ಮಹಡಿ ಎಂದು ಗುರುತು ಹೇಳಿದೆ.

ಅಷ್ಟರಲ್ಲಿ ಅವಳು ಮುಂದಕ್ಕೆ ವಾಲಿದಳು. ಹಣೆ ಮೇಜಿಗೆ ತಾಕಿ, ಅಲ್ಲಿಂದ ಪಕ್ಕಕ್ಕೆ ಜಾರಿ ಚೌಕದಿಂದ ಹೊರಗೆ ಹೋದಳು. ಇಯರ್‌ಫೋನಿನ ಬಿಳಿ ವೈರು ಒಮ್ಮೆ ಬಿಗಿಯಾಗಿ ಎಳೆದು, ಸಡಿಲವಾಗಿ, ಕೆಳಗೆ ಬಿತ್ತು.

ಆ ವೈರಿನ ಬಗ್ಗೆ ಹೇಳಬೇಕು. ಅವಳ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಇದ್ದದ್ದು ಗೋಡೆಯಲ್ಲ, ಬಣ್ಣ ಬಳಿದ ಪ್ಲೈವುಡ್ ಹಲಗೆ. ಆಚೆಗೆ ಪರೀಕ್ಷೆಗೆ ಓದುವ ಬಿಹಾರದ ಹುಡುಗಿಯೊಬ್ಬಳಿದ್ದಳು. ನಮ್ಮ ಮೀಟಿಂಗಿನ ಸದ್ದು ಸ್ವಲ್ಪ ಕೇಳಿದರೂ ಆಕೆ ಹಲಗೆಗೆ ಗುದ್ದುತ್ತಿದ್ದಳು. ಆ ಗುದ್ದು ನಮಗೆಲ್ಲ ಪರಿಚಿತ. ನಮ್ಮ ತಂಡದ ಹನ್ನೆರಡನೆಯ ಸದಸ್ಯೆ, ಸಂಬಳವಿಲ್ಲದವಳು ಎಂದು ತಮಾಷೆ ಮಾಡುತ್ತಿದ್ದೆವು. ಅವಳ ಕಾಟಕ್ಕೇ ಇವಳು ವೈರಿನ ಇಯರ್‌ಫೋನ್ ಕೊಂಡದ್ದು. ಈಗ ವೈರು ಕಳಚಿತ್ತು. ಅಂದರೆ ನಮ್ಮ ದನಿ ಇನ್ನು ಲ್ಯಾಪ್‌ಟಾಪಿನಿಂದಲೇ ಹೊರಗೆ ಬರುತ್ತದೆ.

ಕೂಗಿ ಎಂದೆ. ಎಲ್ಲರೂ ಒಟ್ಟಿಗೆ ಕೂಗಿದರು. ಹಾಗೆ ಕೂಗಿದರೆ ಒಬ್ಬರ ದನಿ ಇನ್ನೊಬ್ಬರದನ್ನು ಕತ್ತರಿಸಿ ಏನೂ ಉಳಿಯುವುದಿಲ್ಲ, ತುಂಡು ತುಂಡು ಗರಗರ ಮಾತ್ರ. ಎಲ್ಲರನ್ನೂ ಸುಮ್ಮನಿರಿಸಿ ನಾನೊಬ್ಬಳೇ ಕೂಗಿದೆ. ಹಲಗೆಯಾಚೆಯ ಹುಡುಗಿಗೆ ಸಿಟ್ಟು ಬರಲಿ ಎಂದು ಎಷ್ಟು ಅಸಹ್ಯವಾಗಿ ಕೂಗಲು ಸಾಧ್ಯವೋ ಅಷ್ಟು ಅಸಹ್ಯವಾಗಿ. ಒಳಗಿಂದ ಮಗಳು ಓಡಿ ಬಂದು ಬಾಗಿಲಲ್ಲೇ ನಿಂತಳು.

ಅವಳ ಕೋಣೆಯ ಸದ್ದು ನಮಗೆ ಕೇಳುತ್ತಿರಲಿಲ್ಲ. ಖಾಲಿ ಕುರ್ಚಿ, ಆವಿ, ಹಲಗೆಯ ಮೇಲೆ ಮೊಳೆಗೆ ನೇತುಹಾಕಿದ ಒಂದು ಸಣ್ಣ ಕನ್ನಡಿ, ಆಚೆ ಬದಿಗೆ ಬಾಗಿಲಿನ ಚಿಲಕಕ್ಕೆ ಸಿಕ್ಕಿಸಿದ ಅವಳ ಆಫೀಸ್ ಬ್ಯಾಗು. ಇಷ್ಟೇ ಕಾಣುತ್ತಿದ್ದದ್ದು. ನಾನು ಕೂಗುತ್ತಲೇ ಇದ್ದೆ. ಆಗ ಕನ್ನಡಿ ಅಲುಗಿತು. ಇನ್ನೊಮ್ಮೆ ಅಲುಗಿತು. ಗುದ್ದುತ್ತಿದ್ದಾಳೆ.

"ದೀವಾರ್ ವಾಲೀ ದೀದೀ," ಎಂದು ಅರಚಿದೆ, "ಗ್ಯಾಸ್ ಹೈ, ದರ್ವಾಜಾ ತೋಡ್ ದೋ." ಗೋಡೆಯಾಚೆಯ ಅಕ್ಕ, ಗ್ಯಾಸ್ ಇದೆ, ಬಾಗಿಲು ಒಡಿ. ಆಕೆಯ ಹೆಸರು ನನಗೆ ಗೊತ್ತಿರಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳಿದೆ. ಕನ್ನಡಿ ನಿಂತಿತು. ನಿಂತದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲಿಲ್ಲ. ಆಮೇಲೆ ಚಿಲಕಕ್ಕೆ ಸಿಕ್ಕಿಸಿದ ಬ್ಯಾಗು ತೂಗತೊಡಗಿತು.

ಒಂದು ಬ್ಯಾಗು ಆಚೀಚೆ ತೂಗುವುದನ್ನು ಹತ್ತು ಜನ ಬೇರೆ ಬೇರೆ ಮನೆಗಳಲ್ಲಿ ಕೂತು ನೋಡಿದೆವು. ಬಾಗಿಲಿನ ಸದ್ದಿಲ್ಲ, ಮಾತಿಲ್ಲ. ಚಿಲಕ ಕಿತ್ತು ಬ್ಯಾಗು ಬಿತ್ತು. ಸ್ವೆಟರಿನ ಮೇಲೆ ಶಾಲು ಸುತ್ತಿಕೊಂಡ ಹುಡುಗಿಯೊಬ್ಬಳು, ಅವಳ ಹಿಂದೆ ಮನೆ ಓನರು, ಒಳಗೆ ನುಗ್ಗಿದರು. ನಾನು ಗೀಸರ್, ಕಿಟಕಿ, ಗೀಸರ್, ಕಿಟಕಿ ಎನ್ನುತ್ತಿದ್ದೆ. ಓನರು ಬಚ್ಚಲಿಗೆ ಹೋದರು. ಹುಡುಗಿ ಕಿಟಕಿಯ ಟೇಪನ್ನು ಉಗುರಿನಿಂದ ಕಿತ್ತಳು. ಇಬ್ಬರೂ ಸೇರಿ ನೆಲದಿಂದ ಅವಳನ್ನು ಎತ್ತಿಕೊಂಡು ಹೋದರು. ಅವಳ ಒಂದು ಕಾಲಿನ ಉಲ್ಲನ್ ಕಾಲುಚೀಲ ಮಾತ್ರ ಕಂಡಿತು.

ಮತ್ತೆ ಖಾಲಿ ಕುರ್ಚಿ. ಯಾರೂ ಮೀಟಿಂಗ್ ಬಿಡಲಿಲ್ಲ. ಮ್ಯಾನೇಜರ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಕಿತ್ತ ಟೇಪಿನ ತುದಿ ಗಾಳಿಗೆ ಪಟಪಟ ಎನ್ನುತ್ತಿತ್ತು, ಅಥವಾ ಎನ್ನುತ್ತಿರಬೇಕು. ಎಷ್ಟೋ ಹೊತ್ತಾದ ಮೇಲೆ ಶಾಲಿನ ಹುಡುಗಿ ತಿರುಗಿ ಬಂದು, ಬಗ್ಗಿ, ನಮ್ಮನ್ನೆಲ್ಲ ಒಮ್ಮೆ ನೋಡಿ, ಪರದೆಯ ಮೇಲೆ ಕಾಯುತ್ತಿದ್ದ ಆ ಕೋರಿಕೆಯನ್ನು ಒತ್ತಿದಳು. ಗಲ್ಲಿಯ ಸದ್ದೆಲ್ಲ ಒಮ್ಮೆಲೇ ನುಗ್ಗಿತು. ಸ್ಕೂಟರಿನ ಹಾರನ್, ಹಳೇ ಪೇಪರಿನವನ ಕೂಗು, ಯಾರದೋ ಅಳು.

"ಸಾಂಸ್ ಚಲ್ ರಹೀ ಹೈ, ದೀದಿ," ಎಂದಳು.

ಉಸಿರಾಡುತ್ತಿದ್ದಾಳೆ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ಕೆಲವು ದಿನ ಇಟ್ಟುಕೊಂಡರು, ಕಳಿಸಿದರು. ಅವಳಿಗೆ ಏನೂ ನೆನಪಿರಲಿಲ್ಲ. ನೋಡಲು ಹೋದಾಗ, "ನಾನು ಕನ್ನಡದಲ್ಲಿ ಮಾತಾಡಿದ್ನಂತೆ? ಏನಂದೆ ಅಕ್ಕಾ?" ಎಂದು ಕೇಳಿದಳು. ನಂಬರ್ ಓದಿದೆ ಎಂದಷ್ಟೇ ಹೇಳಿದೆ. ತನಗೆ ಬರೀ ಜ್ವರ ಎಂದು ಅಮ್ಮನಿಗೆ ಹೇಳಿದ್ದಾಳಂತೆ. ನಾನೂ ಹಾಗೇ ಹೇಳಬೇಕಂತೆ.

ಬದುಕಿದವಳು ಬೇಗ ಸುಧಾರಿಸಿಕೊಂಡಳು. ನೋಡಿದವಳಿಗೆ ಆಗಲಿಲ್ಲ. ಮಲಗಿದರೆ ಆ ಮೂಕ ಚಿತ್ರ ಶುರುವಾಗುತ್ತಿತ್ತು. ಅದರಲ್ಲಿ ವೈರು ಕಳಚುತ್ತಿರಲಿಲ್ಲ, ಅಥವಾ ಹಲಗೆಯಾಚೆಯ ಹುಡುಗಿ ಆ ದಿನ ಲೈಬ್ರರಿಗೆ ಹೋಗಿರುತ್ತಿದ್ದಳು. ಏಳುತ್ತಿದ್ದೆ, ಅಡುಗೆಮನೆಯ ಗ್ಯಾಸ್ ನೋಡುತ್ತಿದ್ದೆ, ಮಗಳ ಮೂಗಿನ ಹತ್ತಿರ ಬೆರಳಿಡುತ್ತಿದ್ದೆ. ನಮ್ಮ ಗೀಸರ್ ಕರೆಂಟಿನದು ಎಂದು ಗಂಡ ಎಷ್ಟು ಸಲ ಹೇಳಿದರೂ ಅದು ಬೆಳಗಿನವರೆಗೆ ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ಅವರೂ ಹೇಳುವುದು ಬಿಟ್ಟರು. ಪಾಪ, ಅವರಿಗೂ ಆಫೀಸಿತ್ತು.

ಒಂದು ಮಧ್ಯಾಹ್ನ ಮಗಳು ಎದುರು ಮನೆಯ ಹುಡುಗಿಯ ಜೊತೆ ಸ್ಟ್ಯಾಚ್ಯೂ ಆಟ ಆಡುತ್ತಿದ್ದಳು. ಸ್ಟ್ಯಾಚ್ಯೂ ಎಂದರೆ ಇದ್ದಲ್ಲೇ ನಿಲ್ಲಬೇಕು, ಅಲುಗಬಾರದು. ಸೋಫಾದ ಮೇಲೆ ಅರ್ಧ ಕಣ್ಣು ಮುಚ್ಚಿ ವಾಲಿದ್ದಳು. ನಾನು ಅವಳ ಎರಡೂ ತೋಳು ಹಿಡಿದು ಅಲ್ಲಾಡಿಸಿಬಿಟ್ಟೆ. ಅವಳು ಹೆದರಿ, "ಮಮ್ಮಾ, ಗೇಮ್ ಥಾ, ಬರೀ ಗೇಮು" ಎಂದು ಅತ್ತಳು. ಎದುರು ಮನೆಯ ಹುಡುಗಿ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದಳು.

ಮೀಟಿಂಗುಗಳು ನಿಲ್ಲಲಿಲ್ಲ. ಅವು ಯಾವುದಕ್ಕೂ ನಿಲ್ಲುವುದಿಲ್ಲ. ಒಂದು ವ್ಯತ್ಯಾಸ ಮಾತ್ರ: ಮ್ಯಾನೇಜರ್ ಯಾರನ್ನೂ ಮ್ಯೂಟ್ ಮಾಡುವುದನ್ನು ಬಿಟ್ಟರು. ಕುಕ್ಕರ್ ಕೂಗುತ್ತದೆ, ನಾಯಿ ಬೊಗಳುತ್ತದೆ, ಯಾರದೋ ಅತ್ತೆ ಸೊಪ್ಪಿನ ಭಯ್ಯಾನ ಜೊತೆ ಚೌಕಾಶಿ ಮಾಡುತ್ತಾರೆ, ಅದರ ನಡುವೆಯೇ ನಾವು ಪೆಂಡಿಂಗ್ ಎಷ್ಟು ಎಂದು ಮಾತಾಡುತ್ತೇವೆ. ತಲೆ ಸಿಡಿಯುತ್ತದೆ. ಆದರೂ ಯಾರೂ ಬೇಡ ಅನ್ನುವುದಿಲ್ಲ. ಯಾರಾದರೂ ಸ್ವಲ್ಪ ಹೊತ್ತು ಅಲುಗದೆ ಕೂತರೆ ನಾನು ಕೈ ಬೀಸುತ್ತೇನೆ. ಅವರು ತಿರುಗಿ ಬೀಸುತ್ತಾರೆ. ಹೊಸದಾಗಿ ಸೇರಿದವರಿಗೆ ಇದೊಂದು ವಿಚಿತ್ರ ಪದ್ಧತಿ.

ಅವಳು ಕೋಣೆ ಬದಲಿಸಿದಳು. ಹಲಗೆಯಾಚೆಯ ಹುಡುಗಿಯೂ ಅವಳ ಜೊತೆಗೇ ಹೋದಳು. ಈಗ ಇಬ್ಬರೂ ಒಂದೇ ಕೋಣೆ, ನಡುವೆ ಹಲಗೆಯಿಲ್ಲ. ದಿನಾ ಸಂಜೆ ನನಗೆ ಫೋನ್ ಮಾಡಿ, "ಕಿಟಕಿ ತೆಗೆದಿದೀನಿ ಅಕ್ಕಾ, ಹೊಗೆ ಕುಡೀತಾ ಇದೀನಿ, ನೆಮ್ಮದಿನಾ?" ಎಂದು ಅಣಕಿಸುತ್ತಿದ್ದಳು. ಆಗ ನಗುತ್ತಿದ್ದೆ. ನಕ್ಕ ಮಾತ್ರಕ್ಕೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಹೋಳಿಯ ಹಿಂದಿನ ದಿನ ಅವಳು ನಮ್ಮ ಮನೆಗೆ ಬಂದಳು. ಕಿಟಕಿಗಳೆಲ್ಲ ತೆರೆದಿದ್ದವು, ಚಳಿ ಹೋಗಿತ್ತು. ಮಗಳ ಕೋಣೆಯಲ್ಲಿ ನಮ್ಮ ಮೂವರಿಗೂ ನೆಲದ ಮೇಲೆ ಹಾಸಿಗೆ ಹಾಸಿದೆವು. ಇಬ್ಬರೂ ಯಾವುದೋ ಕಾರ್ಟೂನಿನ ಬಗ್ಗೆ ಹಿಂದಿಯಲ್ಲಿ ಜಗಳವಾಡಿ ಸುಸ್ತಾದರು. ನಾನು ಬಾಗಿಲ ಹತ್ತಿರ ನಿಂತು, ಕಿಟಕಿ ಸರಿಯಾಗಿ ತೆರೆದಿದೆಯೇ ಎಂದು ಮತ್ತೊಮ್ಮೆ ನೋಡುತ್ತಿದ್ದೆ. ಅವಳು ಮುಸುಕಿನೊಳಗಿಂದ ನಿದ್ದೆಗಣ್ಣಲ್ಲಿ, "ಲೈಟ್ ಆರಿಸಿ ಅಕ್ಕಾ, ಸಾಕು" ಎಂದಳು.

ಸ್ವಿಚ್ಚಿನ ಮೇಲಿನ ಕೈ ಹಾಗೇ ನಿಂತಿತು. ಅದೇ ಮಾತು, ಅದೇ ದನಿ. ಅವಳಿಗೆ ಗೊತ್ತಿಲ್ಲ, ನಾನು ಯಾವತ್ತೂ ಹೇಳಿಲ್ಲ. ಈ ಸಲ ಅವಳು ಅಂದದ್ದು ನನಗೆ. ನಾನು ಪಕ್ಕದಲ್ಲೇ ಇದ್ದೆ. ಆರಿಸಿದೆ.

ಕಣ್ಣು ಬಿಟ್ಟಾಗ ಕೋಣೆಯ ತುಂಬ ಬಿಸಿಲು. ಕೆಳಗೆ ಸೊಸೈಟಿಯ ಮಕ್ಕಳು ಆಗಲೇ ಬಣ್ಣ ಎರಚುತ್ತಿದ್ದರು. ಅವಳು ಗೋಡೆಗೆ ಒರಗಿ, ಕೆದರಿದ ತಲೆಯಲ್ಲಿ, ಕೆಂಪು ಕಣ್ಣಲ್ಲಿ ನನ್ನನ್ನೇ ನೋಡುತ್ತ ಕೂತಿದ್ದಳು.

"ಏನ್ ಗೊರಕೆ ಅಕ್ಕಾ ನಿಮ್ದು," ಎಂದಳು. "ಬೆಳತನಕ ಹೊಡೆದ್ರಿ. ಮ್ಯೂಟ್ ಬಟನ್ ಎಲ್ಲಿದೆ ಅಂತ ಹುಡುಕಿ ಹುಡುಕಿ ಸಾಕಾಯ್ತು."

ನಾನು ರಾತ್ರಿಯಿಡೀ ನಿದ್ದೆ ಮಾಡಿದ್ದೆ ಎಂದು ನನಗೆ ಗೊತ್ತಾದದ್ದು ಹಾಗೆ.